ಯಂತ್ರ ನಿಂತ ಮೇಲೆ: ಹೈದರಾಬಾದಿನ ಹಳೆಯ ಕಾರ್ಖಾನೆಗಳ ಗತಿಯೇನು?

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ದಿನವೂ ಚಿಲ್ಲರೆ ಎಣಿಸುವ ನಮ್ಮ ಹೋಟೆಲು ಬಂಧುಗಳಿಗೆ ನಾಣ್ಯಗಳ ಪರಿಚಯ ಇತರರಿಗಿಂತ ಹೆಚ್ಚು. ಆದರೂ ಕೆಲವು ನಾಣ್ಯಗಳಲ್ಲಿ ಇಸವಿಯ ಅಂಕೆಗಳ ಕೆಳಗೆ ಕಾಣುವ ಪುಟ್ಟ ನಕ್ಷತ್ರವನ್ನು ಗಮನಿಸಿದವರು ಎಷ್ಟು ಮಂದಿ? ಅಲಂಕಾರಕ್ಕೆಂದು ಅದನ್ನು ಅಲ್ಲಿ ಇಟ್ಟಿಲ್ಲ. ಆ ನಾಣ್ಯವು ಹೈದರಾಬಾದಿನ ಟಂಕಸಾಲೆಯಲ್ಲಿ ಅಚ್ಚಾಯಿತೆಂಬುದಕ್ಕೆ ಅದು ಸಾಕ್ಷಿ. ಮುಂಬಯಿಯ ನಾಣ್ಯಕ್ಕೆ ವಜ್ರಾಕೃತಿಯ ಗುರುತು, ನೋಯಿಡಾದ ನಾಣ್ಯಕ್ಕೆ ಚುಕ್ಕೆ. ಕಲ್ಕತ್ತೆಯ ನಾಣ್ಯಕ್ಕೆ ಗುರುತೇ ಇಲ್ಲ. ನಕ್ಷತ್ರವು ನಾವು ಅನ್ನ ಹುಡುಕಿಕೊಂಡು ಬಂದ ಈ ಊರಿನದು.

ನಕ್ಷತ್ರದ ನಾಣ್ಯಗಳು ಈಗ ತಯಾರಾಗುವುದು ನಗರದ ಅಂಚಿನ ಚೆರ್ಲಪಲ್ಲಿಯಲ್ಲಿ. 1997ರ ವರೆಗೆ ಆ ಕೆಲಸವು ಸೈಫಾಬಾದಿನ ಹಳೆಯ ಟಂಕಸಾಲೆಯಲ್ಲಿ ನಡೆಯುತ್ತಿತ್ತು. ಟಂಕಿಸುವ ಕೆಲಸ ಹೊರಟುಹೋಯಿತು, ಗೋಡೆಗಳು ಉಳಿದುಕೊಂಡವು. ಹೀಗೆ ಯಂತ್ರ ನಿಂತುಹೋದ ಕಟ್ಟಡವನ್ನು ಏನು ಮಾಡಬೇಕು? ಅರಮನೆ, ಕೋಟೆ, ಮಸೀದಿ, ದೇವಾಲಯಗಳ ವಿಷಯದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಅವುಗಳನ್ನು ಕಾಯಬೇಕೆಂಬುದರಲ್ಲಿ ಬಹುಮಟ್ಟಿಗೆ ಎಲ್ಲರಿಗೂ ಒಮ್ಮತವಿದೆ. ಆದರೆ ಕೂಲಿಯವರೂ ಗುಮಾಸ್ತರೂ ಮೂರು ಪಾಳಿಯಲ್ಲಿ ದುಡಿದ ಕಟ್ಟಡದ ಪರವಾಗಿ ಮಾತನಾಡುವವರು ಕಡಿಮೆ. ಇಂದು ನಾವು ವಾಚಕರ ಮುಂದೆ ಇಡಬಯಸುವುದು ಅಂಥ ಕೆಲವು ಕಟ್ಟಡಗಳ ವೃತ್ತಾಂತವನ್ನು.

ಟಂಕಸಾಲೆ ಉಳಿದ ಬಗೆ

ಹೈದರಾಬಾದಿನ ಟಂಕಸಾಲೆಯ ಚರಿತ್ರೆ ದೀರ್ಘವಾದದ್ದು. ಮೂರನೆಯ ನಿಜಾಮನಾದ ಸಿಕಂದರ್ ಜಾಹನ ಆಳ್ವಿಕೆಯಲ್ಲಿ, 1803ರಲ್ಲಿ, ಹಳೆಯ ನಗರದ ಸುಲ್ತಾನ್ ಶಾಹಿಯಲ್ಲಿ ಅದು ಸ್ಥಾಪಿತವಾಯಿತು. ಸರಿಯಾಗಿ ನೂರು ವರ್ಷಗಳ ಮೇಲೆ, 1903ರಲ್ಲಿ, ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ಕಾಲದಲ್ಲಿ ಅದು ಸೈಫಾಬಾದಿಗೆ ಬಂದಿತು. ಚಾರ್‌ಮಿನಾರಿನ ಚಿತ್ರವನ್ನು ಹೊತ್ತ ನಿಜಾಮರ ‘ಹಾಲಿ’ ನಾಣ್ಯಗಳು ಇಲ್ಲಿಂದಲೇ ಹೊರಟು ಕಲಬುರ್ಗಿ, ರಾಯಚೂರು, ಬೀದರಗಳ ಸಂತೆಗಳನ್ನು ಸೇರುತ್ತಿದ್ದವು. ಆ ಜಿಲ್ಲೆಗಳಿಂದ ಬಂದ ನಮ್ಮ ಮನೆಗಳ ಹಿರಿಯರು ‘ಹಾಲಿ’ ಮತ್ತು ‘ಕಲ್ದಾರ’ ಎಂದು ಎರಡು ಬಗೆಯ ರೂಪಾಯಿಗಳ ಲೆಕ್ಕವನ್ನು ಹೇಳುತ್ತಿದ್ದುದನ್ನು ಹಲವರು ಕೇಳಿರಬಹುದು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ರೂಪಾಯಿ ಎಂಬುದು ಆ ಲೆಕ್ಕ. 1950ರಲ್ಲಿ ಟಂಕಸಾಲೆಯು ಭಾರತ ಸರಕಾರದ ವಶಕ್ಕೆ ಬಂದ ಮೇಲೂ ಹೈದರಾಬಾದಿನ ಹಳೆಯ ಹಣವು ಕೆಲಕಾಲ ಭಾರತದ ರೂಪಾಯಿಯ ಜೊತೆಯಲ್ಲಿಯೇ ನಡೆಯಿತು. 1959ರಲ್ಲಿ ಅದರ ಚಲಾವಣೆ ಮುಗಿಯಿತು.

1997ರಲ್ಲಿ ಟಂಕಿಸುವ ಕೆಲಸವೆಲ್ಲ ಚೆರ್ಲಪಲ್ಲಿಗೆ ಸಾಗಿತು. ಅಲ್ಲಿಂದ ಕಾಲು ಶತಮಾನ ಕಳೆದು, 2022ರ ಜೂನ್ ತಿಂಗಳಲ್ಲಿ, ಸೈಫಾಬಾದಿನ ಹಳೆಯ ಕಟ್ಟಡದಲ್ಲಿ ಟಂಕಸಾಲೆಯ ವಸ್ತುಸಂಗ್ರಹಾಲಯ ತೆರೆಯಿತು. ಎಲ್ಲಿ ಲೋಹವನ್ನು ಕಾಯಿಸಿ, ಬಡಿದು, ಬಿಲ್ಲೆಗಳನ್ನು ಕತ್ತರಿಸಿ ಅಚ್ಚು ಒತ್ತುತ್ತಿದ್ದರೋ ಅಲ್ಲಿಯೇ ಇಂದು ಹಳೆಯ ನಾಣ್ಯಗಳನ್ನೂ ಅವನ್ನು ತಯಾರಿಸುತ್ತಿದ್ದ ಯಂತ್ರಗಳನ್ನೂ ನೋಡಬಹುದು. ನಾಣ್ಯಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ಸಂಗ್ರಹಾಲಯಗಳು ದೇಶದಲ್ಲಿ ಬಹಳ ಇವೆ. ಆದರೆ ನಾಣ್ಯ ಹುಟ್ಟಿದ ಮನೆಯಲ್ಲಿಯೇ ನಾಣ್ಯವನ್ನು ನೋಡುವ ಅವಕಾಶ ಅಪರೂಪ. ಇದರ ನೆರೆಯಲ್ಲಿ ವಿದ್ಯುಚ್ಛಕ್ತಿ ಸಂಸ್ಥೆಯ ಮುಖ್ಯ ಕಚೇರಿಯಿರುವ ಆವರಣಕ್ಕೂ ‘ಮಿಂಟ್ ಕಾಂಪೌಂಡ್’ ಎಂದೇ ಹೆಸರು. ದೀಪದ ಬಿಲ್ಲಿನ ತಕರಾರು ಹಿಡಿದುಕೊಂಡು ಅಲ್ಲಿಗೆ ಹೋಗುವವರು ತಿಳಿಯದೆಯೇ ಟಂಕಸಾಲೆಯ ಹೆಸರನ್ನು ಹೇಳಿ ಆಟೋ ಹತ್ತುತ್ತಾರೆ.

ವಿದ್ಯುದಾಗಾರ ಅಳಿದ ಬಗೆ

ಇನ್ನು ಇದಕ್ಕೆ ಪ್ರತಿಯಾದ ವೃತ್ತಾಂತ. ಟಂಕಸಾಲೆಯಿಂದ ಹೆಚ್ಚು ದೂರವಿಲ್ಲದ ಹುಸೇನ್ ಸಾಗರದ ದಡದಲ್ಲಿ 1920ರಲ್ಲಿ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಕಾಲದಲ್ಲಿ, ಒಂದು ವಿದ್ಯುದಾಗಾರ ಎದ್ದುನಿಂತಿತು. ಕಲ್ಲಿದ್ದಲನ್ನು ಸುಟ್ಟು ಉಗಿಯೆಬ್ಬಿಸಿ, ಆ ಉಗಿಯಿಂದ ಚಕ್ರ ತಿರುಗಿಸಿ ವಿದ್ಯುತ್ತನ್ನು ಪಡೆಯುವ ಕಾರ್ಖಾನೆ ಅದು. ಉಗಿಯನ್ನು ಮತ್ತೆ ತಣಿಸಿ ನೀರಾಗಿಸುವುದಕ್ಕೆ ಕೆರೆಯ ನೀರು ಬೇಕಾಗಿದ್ದುದರಿಂದಲೇ ಅದನ್ನು ದಡದಲ್ಲಿ ಕಟ್ಟಿದ್ದರು. ಈ ನಗರದ ಬೀದಿದೀಪಗಳು, ಕಚೇರಿಗಳ ಬೀಸಣಿಗೆಗಳು, ಕಾರ್ಖಾನೆಗಳ ಮೋಟಾರುಗಳು ದಶಕಗಳ ಕಾಲ ಅದರ ಋಣದಲ್ಲಿದ್ದವು.

ಕಾಲ ಬದಲಾಯಿತು. ದೊಡ್ಡ ವಿದ್ಯುದಾಗಾರಗಳು ಬೇರೆಡೆಗಳಲ್ಲಿ ಬಂದವು. ನಗರದ ನಡುವೆ ಕಲ್ಲಿದ್ದಲಿನ ಹೊಗೆ ಬೇಡವೆನಿಸಿತು. ಯಂತ್ರಗಳು ನಿಂತವು. ಅದು ನಿಂತುದರಲ್ಲಿ ಅನ್ಯಾಯವೇನೂ ಇಲ್ಲ. ಮುಪ್ಪಾದ ಯಂತ್ರ ನಿಲ್ಲತಕ್ಕದ್ದೇ. ಆದರೆ 1995ರಲ್ಲಿ ಕಟ್ಟಡವನ್ನೇ ಕೆಡವಿಬಿಟ್ಟರು. ಆ ಸುತ್ತಿನ ನೆಲದಲ್ಲಿ ಇಂದು ಎನ್.ಟಿ.ಆರ್. ಉದ್ಯಾನವೂ, 2003ರಲ್ಲಿ ತೆರೆದ ಪ್ರಸಾದ್ ಚಿತ್ರಮಂದಿರವೂ ಇವೆ. ರಜೆಯ ದಿನ ಹೆಂಡತಿ ಮಕ್ಕಳೊಡನೆ ಅಲ್ಲಿಗೆ ಹೋಗುವ ನಮ್ಮವರು ಬಹಳ ಮಂದಿ. ಉದ್ಯಾನವೂ ಬೇಕು, ಚಿತ್ರಮಂದಿರವೂ ಬೇಕು. ಅವುಗಳ ಮೇಲೆ ನಮಗೆ ಮುನಿಸಿಲ್ಲ. ಆದರೆ ಈ ನಗರಕ್ಕೆ ಬೆಳಕನ್ನು ಕೊಟ್ಟ ಮನೆ ಇಲ್ಲಿತ್ತೆಂದು ಆ ಮಕ್ಕಳಿಗೆ ತೋರಿಸಲು ಕಟ್ಟಡವೇ ಇಲ್ಲವಾಯಿತೆಂಬುದು ನಮ್ಮ ವ್ಯಸನ.

ಹೀಗಲ್ಲದೆ ಬೇರೆ ದಾರಿಯಿರಲಿಲ್ಲವೆನ್ನುವಂತಿಲ್ಲ. ಲಂಡನ್ ನಗರದಲ್ಲಿ ಥೇಮ್ಸ್ ನದಿಯ ದಡದ ಬ್ಯಾಂಕ್‌ಸೈಡ್ ಎಂಬಲ್ಲಿಯೂ ಇಟ್ಟಿಗೆಯ ದೊಡ್ಡದೊಂದು ವಿದ್ಯುದಾಗಾರವಿತ್ತು. ಸರ್ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಎಂಬ ವಾಸ್ತುಶಿಲ್ಪಿ ಅದನ್ನು ರೂಪಿಸಿದ್ದನು. ಅದರ ಹೊಗೆಕೊಳವೆಯ ಎತ್ತರ 99 ಮೀಟರು. 1981ರಲ್ಲಿ ಅದು ಮುಚ್ಚಿತು. ಹಲವು ವರ್ಷ ಪಾಳುಬಿದ್ದು, ಕೆಡವುವ ಮಾತೂ ಬಂದಿತ್ತು. 1994ರಲ್ಲಿ ಟೇಟ್ ಎಂಬ ಚಿತ್ರಕಲಾ ಸಂಸ್ಥೆಯವರು ತಮ್ಮ ಹೊಸ ಕಲಾಮಂದಿರಕ್ಕೆ ಆ ಕಟ್ಟಡವನ್ನೇ ಆರಿಸಿಕೊಂಡರು. 2000ದಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ವಿದ್ಯುತ್ ಚಕ್ರಗಳು ತಿರುಗುತ್ತಿದ್ದ ವಿಶಾಲವಾದ ಅಂಗಳವನ್ನು ಹಾಗೆಯೇ ಉಳಿಸಿ, ಅದನ್ನು ಕಲಾಮಂದಿರದ ಪ್ರವೇಶದ ಹಜಾರವನ್ನಾಗಿ ಮಾಡಿದರು. ವಾಚಕರು ಇಸವಿಗಳನ್ನು ಗಮನಿಸಬೇಕು: ಅಲ್ಲಿ ಉಳಿಸಲು ನಿರ್ಧಾರವಾದ ಮರುವರ್ಷವೇ ಇಲ್ಲಿ ಕೆಡವಿದ್ದಾಯಿತು.

ಹೆಸರು ಮಾತ್ರ ಉಳಿದದ್ದು, ಕೆಲಸ ಉಳಿದದ್ದು

ಆಬಿದ್ಸ್ ಬಳಿಯ ಗನ್‌ಫೌಂಡ್ರಿಯನ್ನು ಅರಿಯದ ಗುಮಾಸ್ತರು ಈ ನಗರದಲ್ಲಿ ಇರಲಾರರು. 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಮುಖ್ಯ ಕಚೇರಿ ಇದ್ದದ್ದು ಅಲ್ಲಿಯೇ. ಆ ಹೆಸರಿನ ಅರ್ಥ ತೋಪು ಎರಕ ಹೊಯ್ಯುವ ಸ್ಥಳವೆಂದು. ಜನರ ಬಾಯಲ್ಲಿ ಅದು ‘ತೋಪ್ ಕಾ ಸಾಂಚಾ’. ಎರಡನೆಯ ನಿಜಾಮನಾದ ನಿಜಾಮ್ ಅಲಿ ಖಾನನ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಲ್ಲಿ ತೋಪುಗಳ ಕಾರ್ಖಾನೆಯನ್ನು ನಡೆಸಿದನು. 1798ರಲ್ಲಿ ರೇಮಂಡ್ ತೀರಿಕೊಂಡನು. ಅದೇ ವರ್ಷ ಇಂಗ್ಲಿಷರು ನಿಜಾಮನೊಡನೆ ಒಪ್ಪಂದ ಮಾಡಿಕೊಂಡು ಫ್ರೆಂಚ್ ದಳವನ್ನು ವಿಸರ್ಜಿಸಿದರು. ಆ ಬಳಿಕ ಕಟ್ಟಡಕ್ಕೆ ತಕ್ಕ ಕೆಲಸವೊಂದು ದೊರೆಯಲಿಲ್ಲ. ಸುತ್ತಲೂ ನಗರ ಬೆಳೆದು, ಕಾರ್ಖಾನೆಯ ಇಟ್ಟಿಗೆಯ ಅವಶೇಷವಷ್ಟೇ ನಡುವೆ ಸಿಕ್ಕಿಕೊಂಡಿತು. ದಿನವೂ ಸಾವಿರಾರು ಮಂದಿ ಹೆಸರನ್ನು ಉಚ್ಚರಿಸುತ್ತಾರೆ. ನೋಡುವವರು ಬಹಳ ಸ್ವಲ್ಪ.

ಕಾಚಿಗುಡ ರೈಲು ನಿಲ್ದಾಣದ ಅದೃಷ್ಟ ಬೇರೆ. ಬೆಂಗಳೂರು, ಮೈಸೂರುಗಳ ಕಡೆಯಿಂದ ರೈಲಿನಲ್ಲಿ ಬಂದಿಳಿಯುವ ಕನ್ನಡಿಗರಿಗೆ ಈ ನಗರದ ಮೊದಲ ದರ್ಶನ ಅನೇಕ ವೇಳೆ ಅಲ್ಲಿಯೇ ಆಗುತ್ತದೆ. ನಮ್ಮ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇರುವುದು ಆ ಕಾಚಿಗುಡದಲ್ಲಿಯೇ. ಗುಮ್ಮಟಗಳಿಂದಲೂ ಮಿನಾರುಗಳಿಂದಲೂ ಶೋಭಿಸುವ ಆ ನಿಲ್ದಾಣವನ್ನು ನಿಜಾಮರ ರೈಲ್ವೆಯ ಕಾಲದಲ್ಲಿ, 1916ರಲ್ಲಿ ಕಟ್ಟಿದರು. ಉಗಿಬಂಡಿ ಹೋಗಿ ಡೀಸೆಲ್ ಬಂದಿತು. ಡೀಸೆಲ್ ಹೋಗಿ ವಿದ್ಯುತ್ ಬಂದಿತು. ರಟ್ಟಿನ ಚೀಟಿ ಹೋಗಿ ಮೊಬೈಲಿನ ಚೀಟಿ ಬಂದಿತು. ಆದರೂ ಕಟ್ಟಡ ತನ್ನ ಕೆಲಸವನ್ನು ಬಿಡಲಿಲ್ಲ. ದಿನವೂ ಕಾಲಿಡುವ ಜನರಿರುವಲ್ಲಿ ಸೋರುವ ಛಾವಣಿಯನ್ನು ಯಾರಾದರೊಬ್ಬರು ನೋಡುತ್ತಾರೆ. ನೋಡಿದ ಮೇಲೆ ದುರಸ್ತಿ ಮಾಡಿಸಲೇಬೇಕಾಗುತ್ತದೆ. ಬೀಗ ಹಾಕಿದ ಕಟ್ಟಡದಲ್ಲಾದರೋ ಒಂದು ಹೆಂಚು ಸರಿದದ್ದು ತಿಳಿಯುವ ಹೊತ್ತಿಗೆ ಅರಳಿಯ ಸಸಿ ಗೋಡೆಯೊಳಗೆ ಬೇರಿಳಿಸಿರುತ್ತದೆ.

ಈ ನಾಲ್ಕು ನಿದರ್ಶನಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕಟ್ಟಡವನ್ನು ಉಳಿಸುವುದು ಗೌರವದ ಫಲಕವಲ್ಲ, ಉಪಯೋಗ. ಹಳೆಯ ಕೆಲಸ ಮುಂದುವರಿದರೆ ಉತ್ತಮ. ಅದು ಸಾಧ್ಯವಿಲ್ಲದಾಗ, ಗೋಡೆಗೂ ಜನರಿಗೂ ಹೊಂದುವ ಹೊಸ ಕೆಲಸವೊಂದನ್ನು ಬೇಗನೆ ಹುಡುಕಬೇಕು.

ಹೋಟೆಲಿನವರಿಗೆ ತಿಳಿದ ವಿದ್ಯೆ

ಇದೇನೋ ಇಂಜಿನಿಯರುಗಳ ದೊಡ್ಡ ಶಾಸ್ತ್ರವೆಂದು ನಮ್ಮವರು ಹೆದರಬೇಕಾಗಿಲ್ಲ. ಪರವೂರಿಗೆ ಬಂದು ಹೋಟೆಲು ಹೂಡಿದ ಉಡುಪಿಯವರು ಹೊಸ ಕಟ್ಟಡವನ್ನು ಕಟ್ಟಿಸಿ ಆರಂಭಿಸಿದ್ದು ಅಪರೂಪ. ಯಾರದೋ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು, ಜಗಲಿಯಲ್ಲಿ ಗಲ್ಲಾ ಇಟ್ಟು, ನಡುಮನೆಯಲ್ಲಿ ಮೇಜು ಹಾಕಿ, ಹಿತ್ತಲಿನ ಕಡೆಗೆ ಒಲೆ ಹೂಡಿ, ಹೊಗೆ ಹೋಗಲು ದಾರಿ ಮಾಡಿ, ಕತ್ತಲೆಯ ಕೋಣೆಯನ್ನು ಉಗ್ರಾಣವನ್ನಾಗಿಸಿದವರು ಅವರು. ಯಾವ ಗೋಡೆ ಭಾರ ಹೊತ್ತಿದೆ, ಯಾವುದನ್ನು ತೆಗೆಯಬಹುದು, ನೀರು ಎಲ್ಲಿಂದ ಹೊರಹೋಗಬೇಕು ಎಂಬುದನ್ನು ಮೊದಲು ನೋಡಿಯೇ ಮುಂದಡಿಯಿಟ್ಟರು. ಹಳೆಯ ಕಾರ್ಖಾನೆಯನ್ನು ಹೊಸ ಕೆಲಸಕ್ಕೆ ಒಗ್ಗಿಸುವುದು ಇದೇ ವಿದ್ಯೆಯ ವಿಸ್ತಾರ.

ಕಾರ್ಖಾನೆಯ ಕಟ್ಟಡಗಳು ಇದಕ್ಕೆ ಅರಮನೆಗಳಿಗಿಂತಲೂ ಅನುಕೂಲ. ಭಾರವಾದ ಯಂತ್ರಗಳನ್ನು ಹೊರಲೆಂದು ಕಟ್ಟಿದ ನೆಲ ಗ್ರಂಥಾಲಯದ ಪುಸ್ತಕಗಳ ಭಾರಕ್ಕೆ ಅಂಜುವುದಿಲ್ಲ. ಮಗ್ಗಗಳ ಸಾಲಿಗೆ ಅಡ್ಡಿಯಾಗದಂತೆ ಕಂಬಗಳನ್ನು ದೂರದೂರ ನಿಲ್ಲಿಸಿರುವುದರಿಂದ ತರಗತಿ, ಸಭಾಂಗಣ, ಮಾರುಕಟ್ಟೆ ಯಾವುದನ್ನಾದರೂ ಅಲ್ಲಿ ಅಳವಡಿಸಬಹುದು. ಅನೇಕ ಬಟ್ಟೆಯ ಮಿಲ್ಲುಗಳ ಛಾವಣಿ ಗರಗಸದ ಹಲ್ಲುಗಳಂತೆ ಏರಿಳಿಯುತ್ತದೆ. ಅದರ ಗಾಜಿನ ಮುಖ ಉತ್ತರಕ್ಕಿರುವುದರಿಂದ ಬಿಸಿಲಿನ ಝಳವಿಲ್ಲದೆ ದಿನವಿಡೀ ಸಮನಾದ ಬೆಳಕು ಒಳಗೆ ಬೀಳುತ್ತದೆ. ನೂಲಿನ ಎಳೆ ಕಾಣಲೆಂದು ಮಾಡಿದ ಆ ಬೆಳಕಿನಲ್ಲಿ ಮಕ್ಕಳು ಓದಲಾರರೇ?

ಕಷ್ಟಗಳೂ ಇವೆ. ಹಳೆಯ ಗೋಡೆಗಳು ಸುಣ್ಣದ ಗಾರೆಯವು. ಅವು ತೇವವನ್ನು ಹೀರಿ ಮತ್ತೆ ಹೊರಬಿಡುತ್ತವೆ. ತಿಳಿಯದ ಗುತ್ತಿಗೆದಾರ ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಇಟ್ಟಿಗೆಯನ್ನು ತಿನ್ನುತ್ತದೆ. ಕೆಲವು ಛಾವಣಿಗಳಲ್ಲಿ ಕಲ್ನಾರಿನ ಹಾಳೆಗಳಿವೆ. ಅವು ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕ. ಬಣ್ಣ, ಎಣ್ಣೆ, ರಾಸಾಯನಿಕಗಳು ಇಂಗಿದ ನೆಲವನ್ನು ಶುದ್ಧಮಾಡದೆ ಜನರನ್ನು ಒಳಕ್ಕೆ ಬಿಡಬಾರದು. ಬೆಂಕಿ ಬಿದ್ದಾಗ ಹೊರಬರಲು ಬೇರೆ ಬಾಗಿಲುಗಳು ಬೇಕು. ಇವೆಲ್ಲಕ್ಕೂ ಹಣ ಬೇಕು. ಆದರೆ ಕೆಡವಿದ ಇಟ್ಟಿಗೆಯ ರಾಶಿಯನ್ನು ಸಾಗಿಸಿ ಹೊಸ ಸಿಮೆಂಟು, ಹೊಸ ಉಕ್ಕು ತರುವುದಕ್ಕೂ ಹಣ ಬೇಕೆಂಬುದನ್ನು ಲೆಕ್ಕದಲ್ಲಿ ಮರೆಯಲಾಗದು.

ಹಸಿದವನಿಗೆ ಹಳೆಯ ಗೋಡೆ ಏಕೆ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಯಿದೆ. ಮಿಲ್ಲು ಮುಚ್ಚಿದಾಗ ಬೀದಿಗೆ ಬಿದ್ದವನು ಕಾರ್ಮಿಕ. ಅವನ ಪಗಾರದ ಬಾಕಿ, ಗ್ರಾಚ್ಯುಯಿಟಿ, ಭವಿಷ್ಯನಿಧಿ ತೀರಬೇಕಾದರೆ ನೆಲವನ್ನು ಮಾರಬೇಕಾಗುತ್ತದೆ. ಅವನ ಸಂಸಾರ ಉಪವಾಸವಿರುವಾಗ ಗೋಡೆಯ ಚೆಲುವನ್ನು ವರ್ಣಿಸುವುದು ಹೊಟ್ಟೆ ತುಂಬಿದವರ ವಿನೋದವಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವವರು ನಾವಲ್ಲ. ಕಾರ್ಮಿಕನ ಬಾಕಿಗೆ ಮೊದಲ ಸ್ಥಾನ, ಗೋಡೆಗೆ ಆಮೇಲಿನದು.

ಆದರೆ ಕೆಡವಿದ ಕಡೆಗಳಲ್ಲಿ ಕಾರ್ಮಿಕನಿಗೆ ದಕ್ಕಿದ್ದೇನೆಂಬುದನ್ನೂ ಕೇಳಬೇಕು. ಮುಂಬಯಿಯ ಗಿರಣಿಗಳ ನೆಲದ ವಿಷಯದಲ್ಲಿ 1991ರಲ್ಲಿ ಒಂದು ನಿಯಮ ಬಂದಿತು: ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಬಡವರ ವಸತಿಗೆ, ಒಂದು ಪಾಲು ಮಾಲಿಕರಿಗೆ. 2001ರಲ್ಲಿ ಆ ನಿಯಮವನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಈ ಹಂಚಿಕೆ ಎಂದರು. ಊರಿನ ಪಾಲು ಬಹಳ ಕುಗ್ಗಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಫೀನಿಕ್ಸ್ ಮಿಲ್ಲಿನ ನೆಲದಲ್ಲಿ ಇಂದು ಶ್ರೀಮಂತರ ಅಂಗಡಿಗಳ ನಡುವೆ ಹಳೆಯ ಹೊಗೆಕೊಳವೆ ನಿಂತಿದೆ. ಕೊಳವೆ ಉಳಿಯಿತೆಂದು ಸಂತೋಷಪಡಬಹುದು. ಆದರೆ ಅದರ ಕೆಳಗೆ ದುಡಿದವನಿಗೆ ಅಲ್ಲಿ ಒಂದು ಲೋಟ ಚಹಾ ಕುಡಿಯುವ ಶಕ್ತಿಯಿಲ್ಲದಿದ್ದರೆ ಉಳಿಸಿದ್ದು ಯಾರಿಗಾಗಿ?

ನಮ್ಮ ಕಡೆಗೇ ಬಂದರೆ, ವರಂಗಲ್ಲಿನಲ್ಲಿ 1934ರಲ್ಲಿ ಸ್ಥಾಪಿತವಾದ ಆಜಂ ಜಾಹಿ ಮಿಲ್ಲು ಮುಚ್ಚಿಹೋಯಿತು. ಕಲಬುರ್ಗಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆರನೆಯ ನಿಜಾಮನ ಹೆಸರಿನಲ್ಲಿ ಆರಂಭವಾದ ಮಹಬೂಬ್ ಶಾಹಿ ಮಿಲ್ಲೂ ಮುಚ್ಚಿಹೋಯಿತು. 1956ರ ಮುಂಚೆ ಕಲಬುರ್ಗಿ ಈ ಹೈದರಾಬಾದ್ ರಾಜ್ಯದ ಊರೇ. ಅಲ್ಲಿನ ಎಂ.ಎಸ್.ಕೆ. ಮಿಲ್ಲಿನ ಹೆಸರು ಹೇಳಿದರೆ ಆ ಸೀಮೆಯ ಹಿರಿಯರ ಕಣ್ಣು ಈಗಲೂ ಅರಳುತ್ತದೆ. ಬಡಾವಣೆಗೆ ಮಿಲ್ಲಿನ ಹೆಸರು ಉಳಿದಿದೆ. ಈ ಊರಿನ ಗನ್‌ಫೌಂಡ್ರಿಯಲ್ಲಿ ಆದದ್ದೇ ಅಲ್ಲಿಯೂ ಆಗುತ್ತಿದೆ.

ಆದುದರಿಂದ ಉಪಯೋಗವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಅಲ್ಲಿ ದುಡಿದವರ ಮಕ್ಕಳಿಗೆ ಒಳಗೆ ಪ್ರವೇಶವುಂಟೇ ಎಂಬುದು. ಶಾಲೆ, ತಾಂತ್ರಿಕ ತರಬೇತಿಯ ಕೇಂದ್ರ, ಗ್ರಂಥಾಲಯ, ಆಸ್ಪತ್ರೆ, ಅಲ್ಪ ಬಾಡಿಗೆಯ ವಸತಿ, ತರಕಾರಿಯ ಮಾರುಕಟ್ಟೆ ಇವೆಲ್ಲ ಆ ಪ್ರಶ್ನೆಗೆ ಉಂಟೆಂದು ಉತ್ತರ ಕೊಡಬಲ್ಲವು.

ಕಾನೂನಿನ ಬಲ

ಕಾನೂನು ಏನು ಹೇಳುತ್ತದೆ? ಹೈದರಾಬಾದು ನಗರಾಭಿವೃದ್ಧಿ ಪ್ರಾಧಿಕಾರದ ವಲಯ ನಿಯಮಗಳಲ್ಲಿ 13ನೆಯ ನಿಯಮವೆಂಬುದೊಂದಿತ್ತು. ಅದರ ಅಡಿಯಲ್ಲಿ ನೂರಕ್ಕೂ ಹೆಚ್ಚು ಕಟ್ಟಡಗಳು ರಕ್ಷಣೆಯ ಪಟ್ಟಿಯಲ್ಲಿದ್ದವು. 2015ರ ಕೊನೆಯಲ್ಲಿ ತೆಲಂಗಾಣ ಸರಕಾರ ಆ ನಿಯಮವನ್ನು ರದ್ದುಪಡಿಸಿತು. 2017ರಲ್ಲಿ ಪರಂಪರೆಯ ರಕ್ಷಣೆಗಾಗಿ ಹೊಸ ಅಧಿನಿಯಮ ಬಂದಿತು. 2019ರಲ್ಲಿ ಇರ್ರಂ ಮಂಜಿಲ್ ಅರಮನೆಯನ್ನು ಕೆಡವಿ ವಿಧಾನಸಭೆಯನ್ನು ಕಟ್ಟುವ ಆಲೋಚನೆಗೆ ತೆಲಂಗಾಣ ಉಚ್ಚ ನ್ಯಾಯಾಲಯ ತಡೆಹಾಕಿತು. ನಾಗರಿಕರು ದನಿಯೆತ್ತಿದ್ದರಿಂದ ಅರಮನೆ ಉಳಿಯಿತು. ಲೋವರ್ ಟ್ಯಾಂಕ್ ಬಂಡ್ ಬಳಿ ನಿಂತುಹೋದ ಡಿ.ಬಿ.ಆರ್. ಮಿಲ್ಲಿನಂಥ ಕಾರ್ಖಾನೆಗಳಿಗಾಗಿ ದನಿಯೆತ್ತುವವರು ಯಾರು? ಪಟ್ಟಿಗಳಲ್ಲಿ ನವಾಬರ ದೇವಡಿಗಳೊಡನೆ ಮಿಲ್ಲುಗಳೂ, ಉಗಿಮನೆಗಳೂ, ಗೋದಾಮುಗಳೂ ಸೇರುವಂತಾಗಬೇಕು. ಅರಮನೆಗಳು ಮಾತ್ರ ಉಳಿದ ಊರಿನಲ್ಲಿ ಮುಂದಿನವರು ಇಲ್ಲಿ ದೊರೆಗಳು ಮಾತ್ರ ಬಾಳಿದ್ದರೆಂದು ಭಾವಿಸಿಯಾರು.

ನಮ್ಮ ಕೈಲಾಗುವುದು

ಹೋಟೆಲಿನಲ್ಲಿ ಹದಿನಾಲ್ಕು ಗಂಟೆ ದುಡಿಯುವವನೂ, ಕಡತಗಳ ನಡುವೆ ಬೆನ್ನು ಬಾಗಿದ ಗುಮಾಸ್ತನೂ ಏನು ಮಾಡಬಲ್ಲರು? ಕೆಲವನ್ನು ಅವಶ್ಯವಾಗಿ ಮಾಡಬಲ್ಲರು. ವಾರದ ರಜೆಯಲ್ಲಿ ಒಂದು ಹೊತ್ತು ಸೈಫಾಬಾದಿನ ಟಂಕಸಾಲೆಗೆ ಮಕ್ಕಳನ್ನು ಕರೆದುಕೊಂಡು ಹೋಗಲಿ. ಜನ ಬರುವ ಸಂಗ್ರಹಾಲಯವನ್ನು ಮುಚ್ಚುವುದು ಯಾವ ಸರಕಾರಕ್ಕೂ ಸುಲಭವಲ್ಲ. ಮಿಲ್ಲು, ರೈಲ್ವೆ, ಟಂಕಸಾಲೆ, ವಿದ್ಯುದಾಗಾರಗಳಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಅವರ ಹಾಜರಿಯ ಬಿಲ್ಲೆ, ಗುರುತಿನ ಚೀಟಿ, ಪಗಾರದ ಪುಸ್ತಕ, ಸಂಘದ ರಸೀತಿಗಳನ್ನು ರದ್ದಿಯವನಿಗೆ ಕೊಡದೆ ಜೋಪಾನವಾಗಿಡಲಿ. ಅವರ ಮಾತನ್ನು ಬರೆದುಕೊಳ್ಳಲಿ, ಇಲ್ಲವೆ ಕೈಯಲ್ಲಿರುವ ಮೊಬೈಲಿನಲ್ಲಿ ತುಂಬಿಕೊಳ್ಳಲಿ. ಯಾವ ಪಾಳಿಗೆ ಯಾವ ಸಿಳ್ಳು ಆಗುತ್ತಿತ್ತು, ಊಟದ ಬಿಡುವು ಎಷ್ಟು, ಬುತ್ತಿ ಎಲ್ಲಿ ಬಿಚ್ಚುತ್ತಿದ್ದರು ಎಂಬುದು ಯಾವ ಸರಕಾರೀ ಕಡತದಲ್ಲಿಯೂ ಸಿಕ್ಕದು.

ನಮ್ಮ ಸಂಘಸಂಸ್ಥೆಗಳವರಿಗೂ ಒಂದು ಬಿನ್ನಹ. ರಾಜ್ಯೋತ್ಸವದ ದಿನ ಹಂಪೆ, ಬಾದಾಮಿಗಳ ಚಿತ್ರಗಳನ್ನು ತೂಗುಹಾಕುವುದು ಯುಕ್ತವೇ. ಅವುಗಳ ಪಕ್ಕದಲ್ಲಿ ಈ ಊರಿನ ಕಾರ್ಖಾನೆಗಳ ಚಿತ್ರಗಳನ್ನೂ, ಅಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರ ಬಿಲ್ಲೆ, ಪುಸ್ತಕ, ಭಾವಚಿತ್ರಗಳನ್ನೂ ಇಡಲಿ. ಒಂದು ಮೇಜು, ಒಂದು ಬಿಳಿಯ ಬಟ್ಟೆ, ಹೆಸರು ಬರೆದ ಹತ್ತು ಚೀಟಿಗಳು ಸಾಕು. ಬರುವ ನವೆಂಬರಿಗೆ ಮೊದಲೇ ಈ ಕೆಲಸಕ್ಕೆ ಕೈಹಚ್ಚಬೇಕೆಂದು ನಾವು ಆಶಿಸುತ್ತೇವೆ. ಏಕೆಂದರೆ ಆ ಪಾಳಿಗಳನ್ನು ನೆನಪಿಟ್ಟಿರುವ ಹಿರಿಯರ ಸಂಖ್ಯೆ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದೆ.